ತಿರುಮಕೂಡಲು ಚೌಡಯ್ಯನವರ ಪಿಟೀಲು ಮತ್ತು ಪಾಠ: ಕಾಲ, ಸ್ಥಳ, ಶಿಷ್ಯಸಂತತಿ ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

ಮೈಸೂರು ಟಿ. ಚೌಡಯ್ಯನವರ ಬಗೆಗಿನ ಬರಹಗಳಲ್ಲಿ ಹೆಚ್ಚಿನ ಪಾಲು ಅವರ ಏಳು ತಂತಿಯ ಪಿಟೀಲಿಗೆ ಸಲ್ಲುತ್ತದೆ. ಅವರು ಪಾಠ ಹೇಳಿದ್ದು, ಶಾಲೆ ಕಟ್ಟಿದ್ದು, ಗುರುವಿನ ರಾಮಮಂದಿರದ ಉತ್ಸವವನ್ನು ನಡೆಸಿಕೊಂಡು ಬಂದದ್ದು ಸಾಮಾನ್ಯವಾಗಿ ಕೊನೆಯ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಕಾಲಕ್ರಮವನ್ನಿಟ್ಟು ನೋಡಿದರೆ ಈ ಅನುಪಾತವನ್ನು ಮರುಪರಿಶೀಲಿಸಬೇಕಾಗುತ್ತದೆ ಎಂಬುದು ಈ ಟಿಪ್ಪಣಿಯ ಸೀಮಿತ ವಾದ. ಜೊತೆಗೆ, ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಗೂ ಮೈಸೂರು ನಗರದ ಪಿಟೀಲು ಪರಂಪರೆಗೂ ಇರುವ ಸಂಬಂಧ ಯಾವ ಬಗೆಯದು ಎಂಬುದನ್ನು 6ನೇ ಭಾಗದಲ್ಲಿ ಸಂಕ್ಷೇಪವಾಗಿ ಎತ್ತಿಕೊಳ್ಳಲಾಗಿದೆ.

2. ಜನನ ವರ್ಷ, ಊರು, ಅಂಕಿತ

ಚೌಡಯ್ಯನವರ ಜನನ ದಿನವನ್ನು 1895ರ ಜನವರಿ 1 ಎಂದು ಕೊಡುವುದು ರೂಢಿ. 1894 ಎಂಬ ನಮೂದೂ ಬಳಕೆಯಲ್ಲಿದೆ. ವರ್ಷದ ಮೊದಲ ದಿನವನ್ನೇ ಜನ್ಮದಿನವಾಗಿ ಕೊಡುವ ನಮೂದುಗಳನ್ನು ಆ ತಲೆಮಾರಿನ ವ್ಯಕ್ತಿಗಳ ವಿಷಯದಲ್ಲಿ ಎಚ್ಚರದಿಂದ ಬಳಸಬೇಕು. ಜನನ ನೋಂದಣಿ ಸಾರ್ವತ್ರಿಕವಾಗಿರದ ಕಾಲದಲ್ಲಿ ಅಂಥ ದಿನಾಂಕ ನಂತರದ ಯಾವುದೋ ಕಾಗದಪತ್ರದ ಅನುಕೂಲಕ್ಕೆ ಬಂದದ್ದಾಗಿರುವ ಸಾಧ್ಯತೆ ಇರುತ್ತದೆ. ಆದ್ದರಿಂದ 1894–95 ಎಂದು ಬರೆಯುವುದು ಕ್ಷೇಮ. ಎರಡರ ನಡುವಿನ ಅಂತರ ಮುಂದಿನ ಯಾವ ತೀರ್ಮಾನವನ್ನೂ ಬದಲಿಸುವುದಿಲ್ಲ. ಮರಣದ ದಿನಾಂಕ, 1967ರ ಜನವರಿ 19, ಈ ಬಗೆಯ ಗೊಂದಲಕ್ಕೆ ಒಳಪಟ್ಟಿಲ್ಲ.

ಹೆಸರಿನ ಮುಂದಿರುವ ‘ಟಿ.’ ತಿರುಮಕೂಡಲು, ಇಂದಿನ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ಗ್ರಾಮ. ‘ಮೈಸೂರು’ ಎಂಬುದು ವೃತ್ತಿಜೀವನದಲ್ಲಿ ಸೇರಿಕೊಂಡ ಊರು. ಕಛೇರಿಯ ಪ್ರಕಟಣೆಗಳಲ್ಲಿ ಎರಡೂ ಒಟ್ಟಿಗೆ ಬರುವುದರಿಂದ ಕೆಲವರು ಅವರನ್ನು ಮೈಸೂರು ನಗರದಲ್ಲಿ ಹುಟ್ಟಿದವರೆಂದು ಬರೆದಿದ್ದಾರೆ, ಅದು ಸರಿಯಲ್ಲ. ಅವರ ಕೃತಿ, ತಿಲ್ಲಾನಗಳ ‘ತ್ರಿಮಕುಟ’ ಅಂಕಿತವೂ ಹುಟ್ಟೂರನ್ನೇ ಸೂಚಿಸುತ್ತದೆ. ಕಾವೇರಿ, ಕಪಿಲೆಗಳ ಸಂಗಮವಾದ ಈ ಗ್ರಾಮದ ನೆಲೆಯನ್ನು ಇಲ್ಲಿಯೇ ಗುರುತಿಸಿಕೊಳ್ಳಬಹುದು: ಕಾವೇರಿ ಕೃಷ್ಣರಾಜನಗರ ಸೀಮೆಯನ್ನು ಹಾದು ಬರುತ್ತದೆ, ಹುಣಸೂರಿನ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಅದನ್ನು ಸೇರುತ್ತದೆ, ಹೆಗ್ಗಡದೇವನಕೋಟೆಯಿಂದ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕೂಡುತ್ತದೆ. ಪಶ್ಚಿಮ ತಾಲ್ಲೂಕುಗಳ ನೀರೆಲ್ಲ ಬಂದು ಸೇರುವ ಊರಿನವರು ಚೌಡಯ್ಯ. ಸಂಗೀತದ ಹರಿವನ್ನೂ ಇದೇ ನಕ್ಷೆಯ ಮೇಲೆ ಓದುವ ಆಸೆ ಬರುವುದು ಸಹಜ. ಆದರೆ ಅದಕ್ಕೆ ಆಧಾರ ಸಾಲದು.

3. ಗುರುಕುಲದ ವರ್ಷಗಳು

ಚೌಡಯ್ಯನವರು 1910ರಲ್ಲಿ ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರಲ್ಲಿ (1866–1931) ಶಿಷ್ಯರಾಗಿ ಸೇರಿ 1918ರವರೆಗೆ ಕಠಿಣ ಅಭ್ಯಾಸ ನಡೆಸಿದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಕಾಲಗಣನೆ. ಹಾಗಾದರೆ ಸೇರುವಾಗ ಅವರ ವಯಸ್ಸು ಸುಮಾರು 15, ಬಿಡುವಾಗ 23.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕೃಷ್ಣಪ್ಪನವರು ಗಾಯಕರು. ಉಡುಪಿ ಸೀಮೆಯ ನಂದಳಿಕೆ ಮೂಲದ, ಮನೆಮಾತು ಕೊಂಕಣಿಯಾದ ಈ ವಿದ್ವಾಂಸರು ದೇವರನಾಮಗಳಿಗೆ ಕಛೇರಿಯಲ್ಲಿ ಗೌರವದ ಸ್ಥಾನ ದೊರಕಿಸಿದವರೆಂದು ಪ್ರಸಿದ್ಧರು. ಅಂದರೆ ಚೌಡಯ್ಯನವರ ರೂಪುಗೊಳ್ಳುವಿಕೆ ನಡೆದದ್ದು ಗಾಯಕನ ಬಳಿ. ಮುಂದೆ ಅವರ ವಾದನದಲ್ಲಿ ವಿಮರ್ಶಕರು ಗುರುತಿಸುವ ತುಂಬು ನಾದ, ದೀರ್ಘ ಕಮಾನು, ಹಾಡುಗಾರನ ಉಸಿರಿಗೆ ಹೊಂದಿ ನಡೆಯುವ ಗುಣಗಳಿಗೆ ಈ ಹಿನ್ನೆಲೆ ಬಹುಶಃ ಮುಖ್ಯ ಕಾರಣ. ‘ಬಹುಶಃ’ ಎನ್ನಬೇಕಾದದ್ದು ಏಕೆಂದರೆ ಗಾಯಕಿ ಶೈಲಿ ಆ ಕಾಲದ ಇತರ ಪಿಟೀಲು ವಿದ್ವಾಂಸರಲ್ಲೂ ಇತ್ತು. ಅದೇ ಗುರುವಿನ ಮತ್ತೊಬ್ಬ ಪ್ರಮುಖ ಶಿಷ್ಯರಾದ ಬಿ. ದೇವೇಂದ್ರಪ್ಪನವರು (1899–1986) ಹಾಡುಗಾರಿಕೆಯ ಜೊತೆಗೆ ಜಲತರಂಗವನ್ನೂ ನುಡಿಸಿದರು. ಗಾಯನವನ್ನು ತಳಹದಿ ಮಾಡಿ ವಾದ್ಯವನ್ನು ಅದರ ಮೇಲೆ ಕಟ್ಟುವುದು ಆ ಮನೆಯ ಪಾಠಕ್ರಮವೇ ಆಗಿದ್ದಿರಬಹುದು ಎಂಬ ಊಹೆಗೆ ಇದು ಅಲ್ಪ ಬೆಂಬಲ ಕೊಡುತ್ತದೆ.

4. ಏಳು ತಂತಿ

4.1. ಮೊದಲು ಪೂರ್ವಸ್ಥಿತಿ. ಮೈಸೂರು ಸೀಮೆಯಲ್ಲಿ ಪಿಟೀಲಿನ ಪ್ರಾಚೀನತೆಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರವನ್ನು ಸಾಕ್ಷಿಯಾಗಿ ಒಡ್ಡುವುದುಂಟು. ಅದರಲ್ಲಿ ಪಿಟೀಲನ್ನು ಹೋಲುವ ವಾದ್ಯ ನುಡಿಸುವ ಆಕೃತಿಯಿದೆ. ಅರಮನೆ ಕಟ್ಟಿದ್ದು 1784ರಲ್ಲಿ. ಆದರೆ ಅಲ್ಲಿನ ಚಿತ್ರಗಳು ಒಂದಕ್ಕಿಂತ ಹೆಚ್ಚು ಸಲ ಜೀರ್ಣೋದ್ಧಾರಗೊಂಡಿವೆ. 1855ರಲ್ಲಿ ಡಾಲ್‌ಹೌಸಿಯ ಸೂಚನೆಯಂತೆ ಮರುಚಿತ್ರಣ ನಡೆದದ್ದು ದಾಖಲಾಗಿದೆ. ಹಾಗಾಗಿ ಈ ಚಿತ್ರವನ್ನು 1784ರ ಸಾಕ್ಷ್ಯವೆಂದು ನೇರವಾಗಿ ಉಲ್ಲೇಖಿಸುವುದು ಸಾಧುವಲ್ಲ. ಮೂಲ ರೇಖೆಯನ್ನೇ ಅನುಸರಿಸಿ ಬರೆದಿರಬಹುದು, ವಿವರಗಳನ್ನು ತಿದ್ದಿರಲೂಬಹುದು. ಕಾಲದ ದೃಷ್ಟಿಯಿಂದ ಗಟ್ಟಿಯಾದ ನೆಲೆ ಸಿಗುವುದು ತಂಜಾವೂರಿನ ಕಡೆಯಿಂದ: ಬಾಲುಸ್ವಾಮಿ ದೀಕ್ಷಿತರು ಮತ್ತು ತಂಜಾವೂರು ಸೋದರರಲ್ಲಿ ಒಬ್ಬರಾದ ವಡಿವೇಲು. ವಡಿವೇಲುವಿಗೆ ಸ್ವಾತಿ ತಿರುನಾಳರು 1834ರಲ್ಲಿ ದಂತದ ಪಿಟೀಲನ್ನು ಕೊಟ್ಟರೆಂಬುದು ಪ್ರಸಿದ್ಧ. ಅದೇ ಸೋದರರಲ್ಲಿ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದವರಾದ್ದರಿಂದ, ಮೈಸೂರಿಗೆ ವಾದ್ಯದ ಪರಿಚಯ 19ನೇ ಶತಮಾನದ ಪೂರ್ವಾರ್ಧದಲ್ಲಿ ಆಗಿತ್ತೆಂದು ಹೇಳಲು ತೊಡಕಿಲ್ಲ.

4.2. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದ ವರ್ಷವನ್ನು 1927 ಎಂದು ಕೊಡಲಾಗುತ್ತದೆ. ಗುರುವಿನ ಸಮ್ಮತಿ ಪಡೆದೇ ಅದನ್ನು ಕಛೇರಿಗೆ ತಂದರೆಂಬ ಕಥನಕ್ಕೆ ಕಾಲದ ಅಡ್ಡಿಯಿಲ್ಲ. ಕೃಷ್ಣಪ್ಪನವರು ತೀರಿಕೊಂಡದ್ದು 1931ರಲ್ಲಿ. ಕಥನದ ಇತರ ಅಲಂಕಾರಗಳನ್ನು, ಯಾವ ಕಛೇರಿ, ಗುರು ಏನೆಂದರು ಎಂಬಂಥವನ್ನು, ಇಲ್ಲಿ ಬಳಸಿಲ್ಲ.

4.3. ಕಾರಣದ ಬಗ್ಗೆ ಬಹುತೇಕ ಎಲ್ಲ ಬರಹಗಳೂ ಒಂದೇ ಮಾತನ್ನು ಹೇಳುತ್ತವೆ: ಧ್ವನಿವರ್ಧಕವಿಲ್ಲದ ಕಾಲ, ಹಿಂದಿನ ಸಾಲಿನವರಿಗೆ ಪಿಟೀಲು ಕೇಳುತ್ತಿರಲಿಲ್ಲ, ಆದ್ದರಿಂದ ತಂತಿ ಹೆಚ್ಚಿಸಿದರು. ಈ ವಿವರಣೆ ತಪ್ಪಲ್ಲ. ಆದರೆ ಅಪೂರ್ಣವೆಂದು ತೋರುತ್ತದೆ. ಅದೊಂದೇ ಕಾರಣವಾಗಿದ್ದರೆ, ಧ್ವನಿವರ್ಧಕ ಸಭೆಗಳಿಗೆ ಬಂದ ಮೇಲೆ ಏಳು ತಂತಿಯ ಅಗತ್ಯ ತಾನಾಗಿ ಕಳಚಬೇಕಿತ್ತು. ಚೌಡಯ್ಯನವರು ಧ್ವನಿವರ್ಧಕ ಸಾಮಾನ್ಯವಾದ ದಶಕಗಳಲ್ಲೂ ಏಳು ತಂತಿಯನ್ನೇ ಮುಂದುವರಿಸಿದರು. ಆದ್ದರಿಂದ ಆರಂಭದ ಪ್ರೇರಣೆ ಗಟ್ಟಿತನವೇ ಆಗಿದ್ದರೂ, ನಂತರ ಅದರ ನಾದಗುಣವೇ ಉದ್ದೇಶವಾಗಿ ನಿಂತಿತು ಎಂದು ಭಾವಿಸುವುದು ಹೆಚ್ಚು ಸಮಂಜಸ.

4.4. ರಚನೆಯ ತರ್ಕ. ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಗಳಿಗೆ ಶ್ರುತಿ ಮಾಡುವುದು ಕ್ರಮ. ನಾಲ್ಕು ಏಳಾದದ್ದು ಮೂರು ತಂತಿಗಳಿಗೆ ಜೋಡಿ ಕೊಟ್ಟದ್ದರಿಂದ. ಒಂದು ಒಂಟಿಯಾಗಿ ಉಳಿಯುತ್ತದೆ. ಈ ಬದಲಾವಣೆ ಕೇವಲ ಮೂರು ಬಿರಡೆ ಸೇರಿಸುವುದರಲ್ಲಿ ಮುಗಿಯುವುದಿಲ್ಲ. ಸಾಧಾರಣ ಪಿಟೀಲಿನಲ್ಲಿ ಪಾಶ್ಚಾತ್ಯ ಶ್ರುತಿಗೆ ಬಿಗಿದಾಗ ನಾಲ್ಕು ತಂತಿಗಳ ಒಟ್ಟು ಎಳೆತ ಸ್ಥೂಲವಾಗಿ 20ರಿಂದ 25 ಕಿಲೋಗ್ರಾಂ ಭಾರಕ್ಕೆ ಸಮ. ನಮ್ಮ ಶ್ರುತಿ ಅದಕ್ಕಿಂತ ಇಳಿದಿರುವುದರಿಂದ ಎಳೆತ ಕಡಿಮೆ. ಅಷ್ಟು ಅವಕಾಶ ಇದ್ದುದರಿಂದಲೇ ಮೂರು ತಂತಿಗಳ ಹೆಚ್ಚಿನ ಹೊರೆಯನ್ನು ವಾದ್ಯದ ಒಡಲು ತಾಳಿತೆನ್ನಬಹುದು. ಕುದುರೆಯ ಮೇಲೆ ಜೋಡಿ ತಂತಿಗಳಿಗೆ ಕಚ್ಚು ಹಾಕುವಾಗ ಎರಡೂ ಒಂದೇ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಕಮಾನು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಆದರೆ ಪಕ್ಕದ ಜೋಡಿಗೆ ತಾಗದಷ್ಟು ಬಾಗೂ ಉಳಿಯಬೇಕು.

ಕಷ್ಟ ನಿಜವಾಗಿ ಎದುರಾಗುವುದು ಎಡಗೈಯಲ್ಲಿ. ಒಂದೇ ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಜೋಡಿಯ ದಪ್ಪದಲ್ಲಿ ವ್ಯತ್ಯಾಸವಿದ್ದರೆ ಒಂದೇ ಸ್ಥಾನದಲ್ಲಿ ಒತ್ತಿದರೂ ಸ್ವರ ಅಲ್ಪ ಬೇರೆಯಾಗುತ್ತದೆ. ನಿಂತ ಸ್ವರದಲ್ಲಿ ಇದನ್ನು ಸರಿಪಡಿಸಿಕೊಳ್ಳಬಹುದು. ಜಾರು, ಕಂಪಿತಗಳಲ್ಲಿ ಬೆರಳು ಓಡುತ್ತಿರುವಾಗ ಎರಡೂ ತಂತಿಗಳ ಸ್ವರ ಕೂಡಿಯೇ ಇರಬೇಕೆಂದರೆ ಅದಕ್ಕೆ ಬೇಕಾದ ಸಾಧನೆ ಸಾಧಾರಣವಾದದ್ದಲ್ಲ. ತೋಡಿಯ ಗಾಂಧಾರವನ್ನು ನಾಲ್ಕು ತಂತಿಯಲ್ಲಿ ನುಡಿಸುವುದಕ್ಕೂ ಜೋಡಿ ತಂತಿಯಲ್ಲಿ ನುಡಿಸುವುದಕ್ಕೂ ಇರುವ ಅಂತರವನ್ನು ಪಿಟೀಲು ಹಿಡಿದವರು ತಕ್ಷಣ ಅರಿಯಬಲ್ಲರು. ಕೆಲವು ಪರಿಚಯ ಲೇಖನಗಳು ಈ ಆವಿಷ್ಕಾರವನ್ನು ‘ತಂತಿ ಸೇರಿಸಿದರು’ ಎಂಬ ಎರಡು ಪದಗಳಲ್ಲಿ ದಾಟಿಸುವುದು ಈ ಕೈಗೆಲಸಕ್ಕೆ ನ್ಯಾಯ ಸಲ್ಲಿಸದು.

4.5. ಹತ್ತೊಂಬತ್ತು ತಂತಿಯ ಪಿಟೀಲಿನ ಪ್ರಸ್ತಾಪವೂ ಬರುತ್ತದೆ. ಏಳರ ಮೇಲಿನ 12 ತಂತಿಗಳು ಕಮಾನಿಗೆ ಸಿಗದೆ ಅನುರಣನಕ್ಕಾಗಿ ಇದ್ದವೆಂಬುದು ಅಂಕಗಣಿತಕ್ಕೂ ವಾದ್ಯತರ್ಕಕ್ಕೂ ಹೊಂದುವ ವಿವರಣೆ. ಆದರೆ ‘ಏಳು’ ಮತ್ತು ‘ಹತ್ತೊಂಬತ್ತು’ಗಳನ್ನು ಒಂದೇ ವಾದ್ಯದ ಎರಡು ಹೆಸರೆಂಬಂತೆ ಬಳಸುವುದು ತಪ್ಪು. ಕಛೇರಿಯ ಬದುಕಿನಲ್ಲಿ ಅವರ ಜೊತೆ ನಿಂತದ್ದು ಏಳು ತಂತಿಯದು.

5. ವೇದಿಕೆ: ಎರಡು ದಿನಾಂಕಗಳು

ಚೆಂಬೈ ವೈದ್ಯನಾಥ ಭಾಗವತರಿಗೆ ಚೌಡಯ್ಯನವರ ಪಕ್ಕವಾದ್ಯ ಆ ಕಾಲದ ಹೆಸರಾಂತ ಜೋಡಿ. ಚೆಂಬೈ ಅವರ ತೆರೆದ, ಗಟ್ಟಿ ಕಂಠಕ್ಕೆ ಏಳು ತಂತಿಯ ನಾದ ಸರಿಸಾಟಿಯಾಗಿತ್ತೆಂಬ ಅಭಿಪ್ರಾಯವನ್ನು ಉಳಿದಿರುವ ಧ್ವನಿಮುದ್ರಿಕೆಗಳನ್ನು ಕೇಳಿ ಪರೀಕ್ಷಿಸಬಹುದು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ, ಚೌಡಯ್ಯನವರೇ ನಿರ್ಮಾಣದಲ್ಲಿ ತೊಡಗಿದ್ದ ‘ವಾಣಿ’ (1943) ಕನ್ನಡ ಚಿತ್ರದಲ್ಲಿ ಈ ಜೋಡಿಯ ಕಛೇರಿ ದೃಶ್ಯವಿದೆ. ಕಾಲ ಖಚಿತವಿರುವ ಚಲಿಸುವ ಚಿತ್ರವೆಂಬ ಕಾರಣಕ್ಕೆ ಸಂಶೋಧಕರಿಗೆ ಇದರ ಬೆಲೆ ಚಿತ್ರದ ಕಥೆಗಿಂತ ಹೆಚ್ಚು: ಕುಳಿತ ಭಂಗಿ, ಕಮಾನಿನ ಉದ್ದ, ಗಾಯಕನ ಕಡೆಗಿನ ನೋಟ ಇವೆಲ್ಲ ಬರಹದ ಮೂಲಗಳಲ್ಲಿ ಸಿಗುವಂಥವಲ್ಲ.

ಮದರಾಸಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಅವರಿಗೆ ಸಂದದ್ದು 1957ರ ಸಮ್ಮೇಳನದಲ್ಲಿ. ಈ ಸಮ್ಮೇಳನ ಡಿಸೆಂಬರ್ ಕೊನೆಯಲ್ಲಿ ನಡೆದು ಹೊಸ ವರ್ಷದ ಹೊಸ್ತಿಲಲ್ಲಿ ಮುಗಿಯುವುದರಿಂದ, ಅಕಾಡೆಮಿಯ ಗೌರವಗಳಿಗೆ ಮರುವರ್ಷದ ದಿನಾಂಕ ಬೀಳುವುದು ಸಾಮಾನ್ಯ ದೋಷ. ಸಮ್ಮೇಳನದ ವರ್ಷವನ್ನೇ ಬಳಸುವುದು ಒಳಿತು. ಪಿಟೀಲು ವಿದ್ವಾಂಸರಲ್ಲಿ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರಿಗೆ ಇದೇ ಗೌರವ 1941ರಲ್ಲೂ, ಮೈಸೂರಿನವರಲ್ಲಿ ವಾಸುದೇವಾಚಾರ್ಯರಿಗೆ 1935ರಲ್ಲೂ ಸಂದಿತ್ತು.

6. ಪಾಠ

6.1. ಚೌಡಯ್ಯನವರ ಬೋಧನೆಗೆ ಮೂರು ನೆಲೆಗಳಿದ್ದವು: ಮನೆಯ ಗುರುಕುಲ, ಮೈಸೂರಿನಲ್ಲಿ ಅವರು ಸ್ಥಾಪಿಸಿದ ಅಯ್ಯನಾರ್ ಕಾಲೇಜ್ ಆಫ್ ಮ್ಯೂಸಿಕ್, ಮತ್ತು ಗುರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ. ಮೂರನೆಯದನ್ನು ಬೋಧನೆಯ ಪಟ್ಟಿಯಲ್ಲಿ ಸೇರಿಸುವುದಕ್ಕೆ ಆಕ್ಷೇಪ ಬರಬಹುದು. ಅದು ಶಾಲೆಯಲ್ಲ, ರಾಮೋತ್ಸವದ ವೇದಿಕೆ. ಆದರೆ ಹೊರಗಿನ ಹಿರಿಯ ವಿದ್ವಾಂಸರ ಕಛೇರಿಗಳನ್ನು ಮೈಸೂರಿನ ವಿದ್ಯಾರ್ಥಿಗಳು ಎದುರಿನಲ್ಲಿ ಕುಳಿತು ಕೇಳಿದ್ದು ಅಂಥ ಕಡೆಗಳಲ್ಲಿ. ಕೇಳ್ಮೆ ಪಾಠದ ಅರ್ಧ ಎಂಬುದನ್ನು ಒಪ್ಪಿದರೆ, ಗುರುವಿನ ನಂತರವೂ ಆ ಉತ್ಸವ ನಿಲ್ಲದಂತೆ ನೋಡಿಕೊಂಡದ್ದನ್ನು ಸಾರ್ವಜನಿಕ ಬೋಧನೆಯ ಭಾಗವಾಗಿಯೇ ಎಣಿಸಬೇಕು.

6.2. ಶಿಷ್ಯರ ಪೈಕಿ ಇಲ್ಲಿ ಕೆಲವರನ್ನು ಮಾತ್ರ ಹೆಸರಿಸಲಾಗಿದೆ. ವಿ. ಸೇತುರಾಮಯ್ಯನವರು ಮೈಸೂರಿನಲ್ಲೇ ಪರಂಪರೆಯನ್ನು ನಿಲ್ಲಿಸಿದವರು. ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿಯವರು (1925–2000) ಪಕ್ಕವಾದ್ಯದಲ್ಲಿ ದೊಡ್ಡ ಹೆಸರು ಗಳಿಸಿದರು. ಅವರು ಚೌಡಯ್ಯನವರಲ್ಲಿ ಕಲಿತದ್ದು ಮೈಸೂರಿನ ಪಾಠ ಭಾಷೆಯ ಗಡಿಯನ್ನು ದಾಟಿತ್ತೆಂಬುದಕ್ಕೆ ಸಾಕಷ್ಟು ಪ್ರಮಾಣ. ಗಾಯಕರಾದ ವಿ. ರಾಮರತ್ನಂ ಅವರೂ ಚೌಡಯ್ಯನವರ ಶಿಷ್ಯರು. ಮೈಸೂರು ವಿಶ್ವವಿದ್ಯಾನಿಲಯದ ಸಂಗೀತ ಕಾಲೇಜು 1965ರಲ್ಲಿ ಆರಂಭವಾದಾಗ ಅದರ ಹೊಣೆ ಹೊತ್ತವರು. ಪಿಟೀಲು ವಿದ್ವಾಂಸರೊಬ್ಬರ ಪಾಠ ಅವರ ಜೀವಿತಕಾಲದಲ್ಲೇ ವಿಶ್ವವಿದ್ಯಾನಿಲಯದ ತರಗತಿಗೆ, ಅದೂ ಗಾಯಕರೊಬ್ಬರ ಮೂಲಕ, ಪ್ರವೇಶಿಸಿದ್ದು ಗಮನಾರ್ಹ. ಗಾಯಕ ಗುರುವಿನಿಂದ ಪಿಟೀಲಿಗೆ ಬಂದ ವಿದ್ಯೆ ಹೀಗೆ ಮತ್ತೆ ಗಾಯನಕ್ಕೆ ಹೋಯಿತು.

6.3. ಈಗ ಪಶ್ಚಿಮದ ಕಡೆಗೆ. ಸ್ಥಳನಾಮಗಳ ವಿಷಯದಲ್ಲಿ ಮೊದಲೇ ಒಂದು ಎಚ್ಚರಿಕೆ ಅಗತ್ಯ. ಇಂದಿನ ಕೃಷ್ಣರಾಜನಗರ ತಾಲ್ಲೂಕು ಹಳೆಯ ಕಾಗದಗಳಲ್ಲಿ ಯಡತೊರೆ. ಪಿರಿಯಾಪಟ್ಟಣಕ್ಕೆ ಪೆರಿಯಾಪಟ್ಟಣ ಎಂಬ ರೂಪವೂ ಇದೆ. ಇತ್ತೀಚಿನ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಒಬ್ಬ ಸಂಗೀತಗಾರನ ಊರನ್ನು ತಾಲ್ಲೂಕಿನ ಹೆಸರಿನಿಂದ ಹುಡುಕುವವರು ಈ ಬದಲಾವಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಒಂದೇ ಊರನ್ನು ಎರಡು ಕಡೆ ಎಣಿಸುವ ಅಪಾಯವಿದೆ.

ಈ ಸೀಮೆಯ ಅಂಚಿನಲ್ಲಿರುವ ರುದ್ರಪಟ್ಟಣ ಚೌಡಯ್ಯನವರ ಶಿಷ್ಯಸಂತತಿಯ ಇತಿಹಾಸದಲ್ಲಿ ವಿಶೇಷ ಸ್ಥಾನ ಪಡೆದ ಊರು. ಆಡಳಿತದಲ್ಲಿ ಅದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕು. ನೆಲೆಯಲ್ಲಿ ಕಾವೇರಿಯ ದಡ, ಮೈಸೂರು ಜಿಲ್ಲೆಯ ಗಡಿಗೆ ಹತ್ತಿರ. ಸಂಕೇತಿ ಸಮುದಾಯದ ಈ ಗ್ರಾಮಕ್ಕೂ, ಅದೇ ಸಮುದಾಯದ ಒಂದು ಶಾಖೆಗೆ ಹೆಸರು ಕೊಟ್ಟ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೂ ಜಿಲ್ಲೆಯ ಗೆರೆ ಅಡ್ಡ ಬರುವುದಿಲ್ಲ. ಆರ್.ಕೆ. ವೆಂಕಟರಾಮಶಾಸ್ತ್ರಿಗಳು ಚೌಡಯ್ಯನವರ ಶಿಷ್ಯರು, ಗಾಯಕ ಆರ್.ಕೆ. ಶ್ರೀಕಂಠನ್ (1920–2014) ಅವರ ಅಣ್ಣ. ಆರ್.ಆರ್. ಕೇಶವಮೂರ್ತಿಗಳೂ ರುದ್ರಪಟ್ಟಣದವರೇ. ಹೆಸರಿನ ಮೊದಲ ‘ಆರ್.’ ಊರನ್ನು ಹೇಳುತ್ತದೆ. ವಂಶವೃಕ್ಷ ಸಿಗದ ಕಡೆ ಈ ಮೊದಲಕ್ಷರವೇ ಸಂಶೋಧಕರಿಗೆ ಸ್ಥಳದ ಸಾಕ್ಷಿ.

ಕೇಶವಮೂರ್ತಿಗಳ ಜೀವನ ಈ ಟಿಪ್ಪಣಿಯ ವಾದಕ್ಕೆ ಅತ್ಯಂತ ಹತ್ತಿರವಾದ ಉದಾಹರಣೆ. ಅವರು ಏಳು ತಂತಿಯ ಪಿಟೀಲನ್ನು ನುಡಿಸಿದ ಕೆಲವೇ ವಿದ್ವಾಂಸರಲ್ಲಿ ಒಬ್ಬರು. 2006ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನಲ್ಲಿ ಪಾಠದಿಂದಲೇ ಗುರುತಿಸಲ್ಪಟ್ಟವರು. ಅವರ ಶಿಷ್ಯರಲ್ಲಿ ಆನೂರು ರಾಮಕೃಷ್ಣ ಅವರು ಸ್ವತಃ ದೊಡ್ಡ ಗುರುವಾದರು; ಎಚ್.ಕೆ. ವೆಂಕಟರಾಂ ಆ ಸಾಲಿನವರು. ಜ್ಯೋತ್ಸ್ನಾ ಶ್ರೀಕಾಂತ್ ಅವರು ಅದೇ ಮನೆಯ ಪಾಠವನ್ನು ಲಂಡನ್ನಿಗೆ ಕೊಂಡೊಯ್ದರು. ಈ ಸಾಲಿನ ಕೆಳಗೆ ಇಳಿದಂತೆ ಸಾಧಾರಣ ನಾಲ್ಕು ತಂತಿಯ ಪಿಟೀಲೇ ವಾದ್ಯವಾಗುತ್ತದೆ. ಅಂದರೆ ಏಳು ತಂತಿ ಎರಡನೇ ತಲೆಮಾರಿನಲ್ಲಿ ವಿರಳವಾಯಿತು. ಪಾಠ ನಾಲ್ಕನೇ ತಲೆಮಾರಿಗೂ ತಲುಪಿದೆ. 4.4ರಲ್ಲಿ ಹೇಳಿದ ಎಡಗೈಯ ಕಷ್ಟ ಏಳು ತಂತಿಯ ಈ ಇಳಿಮುಖಕ್ಕೆ ಒಂದು ಕಾರಣ. ಮೂರು ಹೆಚ್ಚುವರಿ ಬಿರಡೆಯ ವಾದ್ಯವನ್ನು ಮಾಡುವ, ರಿಪೇರಿ ಮಾಡುವ ಕೈಗಳು ವಿರಳವಾದದ್ದು ಇನ್ನೊಂದಿರಬಹುದು. ಧ್ವನಿವರ್ಧಕವನ್ನು ಮೂರನೆಯ ಕಾರಣವಾಗಿ ಇಡಬಹುದು, ಮೊದಲನೆಯದಾಗಿ ಅಲ್ಲ.

6.4. ಈ ಉದಾಹರಣೆಗಳಲ್ಲಿ ಚಲನೆಯ ದಿಕ್ಕು ಒಂದೇ: ಹಳ್ಳಿಯಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ. ತಿರುಮಕೂಡಲಿನವರಾದ ಚೌಡಯ್ಯನವರು ಶಾಲೆ ತೆರೆದದ್ದು ತಿರುಮಕೂಡಲಿನಲ್ಲಲ್ಲ. ಆಸ್ಥಾನ, ದಸರಾ, ಮತ್ತು 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಖಾಸಗಿಯಾಗಿ ಆರಂಭಿಸಿದ ಮೈಸೂರಿನ ಆಕಾಶವಾಣಿ ಇವೆಲ್ಲ ಒಂದೇ ನಗರದಲ್ಲಿ ಇದ್ದಾಗ ಬೇರೆ ರೀತಿಯಾಗುವುದು ಕಷ್ಟವಿತ್ತು. ಪಶ್ಚಿಮ ತಾಲ್ಲೂಕುಗಳು ಈ ವ್ಯವಸ್ಥೆಯಲ್ಲಿ ಶಿಷ್ಯರನ್ನೂ ಕೇಳುಗರನ್ನೂ ಕೊಟ್ಟವು. ಶಾಲೆಯನ್ನು ಪಡೆದದ್ದು ನಗರ.

ಎದುರು ದಿಕ್ಕಿನ ಚಲನೆಗೆ ದಾರಿ ಮಾಡಿದ್ದು ವ್ಯಕ್ತಿಗಳಿಗಿಂತ ಪರೀಕ್ಷಾ ಪದ್ಧತಿ ಎಂದು ತೋರುತ್ತದೆ. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಸಂಗೀತ ಪರೀಕ್ಷೆಗಳು ತಾಲ್ಲೂಕು ಕೇಂದ್ರದಲ್ಲಿ ಮನೆಪಾಠ ಹೇಳುವವರಿಗೂ ನಗರದ ಶಾಲೆಗೂ ಒಂದೇ ಪಠ್ಯವನ್ನು ಕೊಟ್ಟವು. ಕಲಿಯುವವರಿಗೆ ಮೈಸೂರಿಗೆ ವಾಸ ಬದಲಿಸದೆ ಅಳತೆಯೊಂದು ಸಿಕ್ಕಿತು. ಗುರುಕುಲದ ಆಳ ಈ ಪಠ್ಯದಲ್ಲಿ ಇಲ್ಲವೆಂಬ ದೂರು ನಿಜ. ಆದರೂ ಹುಣಸೂರಿನ ಅಥವಾ ಕೃಷ್ಣರಾಜನಗರದ ಮಗುವೊಂದು ವಾರಕ್ಕೆರಡು ಸಂಜೆ ಪಿಟೀಲು ಹಿಡಿದು ಸರಳೆ, ಜಂಟಿ ವರಸೆ ದಾಟಿ ವರ್ಣಕ್ಕೆ ಬರುವುದು ಬಹುಮಟ್ಟಿಗೆ ಈ ಚೌಕಟ್ಟಿನಿಂದ. ಆ ಪಾಠ ಹೇಳುವವರ ಹೆಸರುಗಳು ಕಛೇರಿಯ ಕರಪತ್ರದಲ್ಲಿ ಬರುವುದು ಅಪರೂಪ. ಅವನ್ನು ಸಂಗ್ರಹಿಸಲು ಪರೀಕ್ಷೆಗಳ ದಾಖಲೆಗಳು ಸಂಗೀತಸಭೆಗಳ ಸ್ಮರಣಸಂಚಿಕೆಗಳಿಗಿಂತ ಹೆಚ್ಚು ನಂಬಲರ್ಹ ಮೂಲ.

7. ಸ್ಮಾರಕದ ಬಗ್ಗೆ ಒಂದು ತಿದ್ದುಪಡಿ

ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಕೆಲವು ಪ್ರವಾಸಿ ಬರಹಗಳು ಸರ್ಕಾರಿ ಸ್ಮಾರಕವೆಂಬಂತೆ ಹೇಳುತ್ತವೆ. ಪಿಟೀಲಿನ ಆಕಾರದ ಆ ಭವನ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಯದು; ಕೆ.ಕೆ. ಮೂರ್ತಿಯವರ ಪ್ರಯತ್ನದಿಂದ 1980ರಲ್ಲಿ ಪೂರ್ಣಗೊಂಡಿತು. ಕಟ್ಟಡ ವಾದ್ಯದ ರೂಪವನ್ನು ಎತ್ತಿ ಹಿಡಿಯಿತು. ಚೌಡಯ್ಯನವರ ಕುರಿತ ಬರಹಗಳಲ್ಲಿ ವಾದ್ಯಕ್ಕೆ ಸಿಕ್ಕ ಮೇಲುಗೈಯನ್ನು ಅದು ಇನ್ನಷ್ಟು ಗಟ್ಟಿಗೊಳಿಸಿರುವ ಸಾಧ್ಯತೆಯಿದೆ. 1980ಕ್ಕೆ ಮುಂಚಿನ ಮತ್ತು ನಂತರದ ಪರಿಚಯ ಲೇಖನಗಳನ್ನು ಬೇರೆಬೇರೆಯಾಗಿ ಇಟ್ಟು, ಪಾಠಕ್ಕೂ ವಾದ್ಯಕ್ಕೂ ಎಷ್ಟೆಷ್ಟು ಸಾಲು ಸಂದಿವೆ ಎಂದು ಹೋಲಿಸಿದರೆ ಈ ಊಹೆ ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿಯುತ್ತದೆ.